ನನ್ನ ಆಲ್ಬಂ ಕೇಳಿದವರು

ಪಾಪ್ ರಾಕ್ ಹಾಡು ಬರೆದು ತಾನೇ ಹಾಡುವವನು ರಿಪ್ಪನ್‌ಪೇಟೆಯಲ್ಲಿ ಹುಟ್ಟಿದರೆ ಅವಮಾನಗಳು ಸಾಲುಗಟ್ಟಿ ಬರುತ್ತವೆ. ಮುಂಬೈಯ ದೊಡ್ಡ ಕಂಪನಿಯೊಂದು ನನ್ನ ಒಂಬತ್ತು ಹಾಡುಗಳ ಆಲ್ಬಂ ತಂದ ಮೇಲೂ ಅವು ನಿಂತಿಲ್ಲ. ಕೇಳುವವರು ಸಿಕ್ಕರೆ ಎರಡನೆಯದು, ಇಲ್ಲದಿದ್ದರೆ ಇಲ್ಲಿಗೇ ಮುಗಿಯಿತು ಎಂದು ಕಂಪನಿಯವರು ಮೊದಲೇ ಹೇಳಿದ್ದರು. ಗಿಟಾರ್ ಬಿಟ್ಟು ಬೇರೇನೂ ಕಲಿಯದ ನನಗೆ ಅಂದಿನಿಂದ ನಿದ್ದೆಯಿಲ್ಲ.

೧. ಬಸ್ಸಿನಲ್ಲಿ

ಸಾಗರದ ಬಸ್ಸಿನ ಡ್ರೈವರ್ ನನ್ನ ಜೊತೆ ಹೈಸ್ಕೂಲು ಓದಿದವನು. ಪೆನ್‌ಡ್ರೈವ್ ಕೊಟ್ಟೆ, ಹಾಕಿದ. ಗಿಟಾರಿನ ದನಿ ಹರಿದಂತೆ ಒರಟಾಗಿ ಕೇಳಬೇಕೆಂದು ಮುಂಬೈಯಲ್ಲಿ ಮೂರು ದಿನ ಒದ್ದಾಡಿದ್ದೆವು. ಅದು ಶುರುವಾದದ್ದೇ ತಡ, ಕಂಡಕ್ಟರ್ ಎದ್ದು ಬಂದು ಸ್ಪೀಕರಿಗೆ ಎರಡು ಗುದ್ದು ಹಾಕಿದರು. ಹಿಂದಿನ ಸೀಟಿನ ಅಜ್ಜಿಯೊಬ್ಬರು ವೈರು ಕಿತ್ತಿರಬೇಕು ಎಂದರು. ಸಾಗರದಲ್ಲಿ ಇಳಿಯುವಾಗ ಗೆಳೆಯ ಸಮಾಧಾನ ಹೇಳಿದ.

“ನಾಳೆ ಸ್ಪೀಕರ್ ರಿಪೇರಿ ಮಾಡಿಸ್ತೀನಿ ಮಾರಾಯ. ಆಮೇಲೆ ನಿನ್ನ ಹಾಡು ಸರಿಯಾಗಿ ಕೇಳುತ್ತೆ.”

೨. ಸನ್ಮಾನ

ಹೊಸನಗರದಲ್ಲಿ ಸನ್ಮಾನ ಇಟ್ಟರು. ಒಂದು ಹಾಡಾದರೂ ನಮ್ಮವರ ಕಿವಿಗೆ ಬೀಳಲಿ ಎಂದು ಗಿಟಾರ್ ಶ್ರುತಿ ಮಾಡಿಕೊಂಡು ಹೋದೆ. ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಅಧ್ಯಕ್ಷರು ಮಾತಾಡಿದರು, ಅತಿಥಿಗಳು ಮಾತಾಡಿದರು, ಬರಲಾಗದವರ ಸಂದೇಶವನ್ನೂ ಓದಿದರು. ನಾನು ಗಿಟಾರ್ ಎತ್ತಿಕೊಳ್ಳುವಾಗ ಅಡುಗೆಯವರು ಬಂದು ಅನ್ನ ಆರುತ್ತಿದೆ ಎಂದರು. ಕಾರ್ಯದರ್ಶಿಗಳು ತಕ್ಷಣ ಜೇಬಿನಿಂದ ಮೊದಲೇ ಬರೆದಿಟ್ಟ ಚೀಟಿ ತೆಗೆದು, ಸುಮಧುರ ಕಂಠದಿಂದ ನಮ್ಮನ್ನು ಮಂತ್ರಮುಗ್ಧಗೊಳಿಸಿದ ಗಾಯಕರಿಗೆ ವಂದನೆ ಸಲ್ಲಿಸಿದರು. ಜನ ಚಪ್ಪಾಳೆ ತಟ್ಟಿ ಊಟಕ್ಕೆ ಎದ್ದರು.

ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತವರು, ಮೊದಲನೆಯದಕ್ಕಿಂತ ನಿಮ್ಮ ಎರಡನೇ ಹಾಡು ಚೆನ್ನಾಗಿತ್ತು ಎಂದರು.

೩. ಆನಂದಪುರದ ಅಭಿಮಾನಿ

ನಾನು ಆಸೆ ಬಿಟ್ಟಿದ್ದಾಗ ಕಂಪನಿಯಿಂದ ಫೋನ್ ಬಂತು. ಬೇರೆಲ್ಲೂ ಕೇಳುವವರಿಲ್ಲ, ಆದರೆ ಹಾಡು ಕೇಳುವ ಆ್ಯಪಿನ ಲೆಕ್ಕದಲ್ಲಿ ಆನಂದಪುರದ ಕಡೆ ಯಾರೋ ಒಬ್ಬರು ನಾಲ್ಕನೇ ಹಾಡನ್ನು ದಿನಾ ಬೆಳಗಿನಿಂದ ಸಂಜೆವರೆಗೆ ಕೇಳುತ್ತಿದ್ದಾರಂತೆ. ಅವರನ್ನು ಹುಡುಕಿ ಎರಡು ಮಾತು ಆಡಿಸಿ ವಿಡಿಯೋ ಕಳಿಸಬೇಕು, ಎರಡನೇ ಆಲ್ಬಮ್ಮಿಗೆ ಅದೊಂದೇ ದಾರಿ ಎಂದರು.

ನಾಲ್ಕನೆಯದು ತೀರಿಕೊಂಡ ಅಪ್ಪನ ಮೇಲೆ ಬರೆದ ಹಾಡು. ಕೊನೆಯಲ್ಲಿ ದುಃಖ ತಡೆಯಲಾರದೆ ಕಿರುಚಿದ್ದೇನೆ. ಬಸ್ಸಿಳಿದು ಒಂದು ಮೈಲಿ ನಡೆದಾಗ ನನ್ನದೇ ದನಿ ಕೇಳಿಸಿತು. ಕಣ್ಣು ತುಂಬಿ ಬಂತು. ದನಿ ಹಿಡಿದು ಹೋದರೆ ಜೋಳದ ಹೊಲ, ನಡುವೆ ಬಿದಿರಿನ ಕಂಬ, ಕಂಬಕ್ಕೆ ಮೈಕು, ಕೆಳಗೆ ರೈತರೊಬ್ಬರು. ಹಾಡಿದವನು ನಾನೇ ಎಂದಾಗ ಅವರು ನನ್ನ ಎರಡೂ ಕೈ ಹಿಡಿದುಕೊಂಡರು.

“ಮಂಗನ ಕಾಟಕ್ಕೆ ಪಟಾಕಿ ಹೊಡೆದೆ, ನಾಯಿ ಬೊಗಳೋದು ಹಾಕಿದೆ, ಯಾವುದಕ್ಕೂ ಬಗ್ಗಲಿಲ್ಲ. ಸಿನಿಮಾ ಹಾಡು ಹಾಕಿದ್ರೆ ಮರಿ ಕಟ್ಕೊಂಡು ಬಂದು ಕೂತು ಜೋಳ ತಿಂದ್ವು. ನಿಮ್ದು ಹಾಕಿದ್ ದಿನ ಒಂದೂ ನಿಲ್ಲಲಿಲ್ಲ. ಕೊನೇಲಿ ಕಿರುಚ್ತೀರಲ್ಲ, ಅದು ಭಾರೀ ಚೆನ್ನಾಗಿದೆ.”

ನಾನು ಬದುವಿನ ಮೇಲೆ ಕೂತೆ. ಇಷ್ಟಕ್ಕಾಗಿ ಬದುಕಿದೆನೇ ಅನ್ನಿಸಿತು. ಅವರೂ ಪಕ್ಕದಲ್ಲಿ ಕೂತು, ಹೇಳಲೋ ಬೇಡವೋ ಎಂಬಂತೆ ದನಿ ತಗ್ಗಿಸಿದರು.

“ಈ ವಾರದಿಂದ ಅವಕ್ಕೆ ಇದೂ ಅಭ್ಯಾಸ ಆಗೋಗಿದೆ. ಕಾಯ್ತಾ ಇದೀನಿ ನಾನು, ಎರಡನೇದು ಯಾವಾಗ ಬಿಡ್ತೀರಿ?”

ನಾನು ಕಣ್ಣೊರೆಸಿಕೊಂಡು ಮೊಬೈಲು ತೆಗೆದೆ. ಮಂಗನ ವಿಚಾರ ಬಿಟ್ಟು, ಆ ಕೊನೆಯ ಮಾತನ್ನಷ್ಟೇ ಕ್ಯಾಮೆರಾ ನೋಡಿಕೊಂಡು ಇನ್ನೊಂದು ಸಲ ಹೇಳಿ ಎಂದೆ.