ಹುಲ್ಲಿನ ಮೇಲೆ ಮಲಗಿದವರನ್ನು ಎಬ್ಬಿಸದಿರುವ ಬಗ್ಗೆ

ಇಂದ,
ನಿವೃತ್ತ ಲಿಫ್ಟ್ ಆಪರೇಟರ್ ಒಬ್ಬರ ಹೆಂಡತಿ,
ಸ್ವತಃ ನಿವೃತ್ತ ಬೆರಳಚ್ಚುಗಾರ್ತಿ,
ಹಾಲಿನ ಅಂಗಡಿಯ ಮೇಲಿನ ಮನೆ,
ಉದ್ಯಾನದ ಹಿಂಬದಿ ಗೇಟಿನ ಎದುರು ಬೀದಿ.

ಗೆ,
ಮಾನ್ಯ ಮೇಲ್ವಿಚಾರಕರು,
ನಗರದ ದೊಡ್ಡ ಉದ್ಯಾನವನ,
(ಗುಲಾಬಿ ಪಾತಿಯ ಪಕ್ಕದ, ಕಿಟಕಿ ತೆರೆಯದ ಕೊಠಡಿ).

ವಿಷಯ: ದೊಡ್ಡ ಹುಲ್ಲುಹಾಸಿನಲ್ಲಿ ನೆಟ್ಟಿರುವ ‘ಇಲ್ಲಿ ಮಲಗುವುದನ್ನು ನಿಷೇಧಿಸಲಾಗಿದೆ’ ಎಂಬ ಬೋರ್ಡನ್ನು ಕೀಳಿಸುವ ಬಗ್ಗೆ, ಅದಾಗದಿದ್ದಲ್ಲಿ, ಅರ್ಜಿದಾರಳು ಸತ್ತಿದ್ದಾಳೆಂದು ಭಾವಿಸಿ ಸೀಟಿ ಊದದಿರುವ ಬಗ್ಗೆ.

ಉಲ್ಲೇಖ: 1) ನನ್ನ ಮಗಳು ತಮಗೆ ಬರೆದ ದೂರು.
2) ಆ ದೂರಿನ ಮೇರೆಗೆ ತಾವು ನೆಡಿಸಿದ ಸದರಿ ಬೋರ್ಡು.
3) ತಮ್ಮ ಕೊಠಡಿಯಲ್ಲಿ ನಮ್ಮಿಬ್ಬರ ನಡುವೆ ನಡೆದ ಮಾತುಕತೆ, ನಡುನಡುವೆ ತಾವು ಗಡಿಯಾರ ನೋಡಿದ್ದೂ ಸೇರಿ.

ಮಾನ್ಯರೇ,

ಕೆಲಸದಲ್ಲಿದ್ದಷ್ಟು ಕಾಲ ಬೇರೆಯವರ ಅರ್ಜಿಗಳನ್ನು ಬೆರಳಚ್ಚು ಮಾಡಿಕೊಟ್ಟವಳು ನಾನು. ಯಾರ ಕಷ್ಟಕ್ಕೂ ನನ್ನದೊಂದು ಅಕ್ಷರ ಸೇರಿಸಿದವಳಲ್ಲ. ನನ್ನ ಸ್ವಂತಕ್ಕೆಂದು ಬರೆಯುತ್ತಿರುವುದು ಇದೇ ಮೊದಲು. ಆದ ಕಾರಣ ಅರ್ಜಿ ತುಸು ಉದ್ದವಾದರೆ, ಹಳೆಯ ಬಾಕಿಯೆಲ್ಲ ಒಟ್ಟಿಗೆ ಹೊರಬರುತ್ತಿದೆ ಎಂದು ತಿಳಿದು ಮನ್ನಿಸಬೇಕು. ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ:

1. ನಮ್ಮ ಯಜಮಾನರು ಒಂಬತ್ತು ಮಹಡಿಯ ಕಟ್ಟಡವೊಂದರಲ್ಲಿ ಲಿಫ್ಟ್ ನಡೆಸುತ್ತಿದ್ದರು. ಜಾಲರಿ ಬಾಗಿಲಿನ ಹಳೆಯ ಲಿಫ್ಟು. ಮೂಲೆಯಲ್ಲಿ ಅವರಿಗೆಂದು ಒಂದು ಸ್ಟೂಲು. ಅವರು ಅದರ ಮೇಲೆ ಕೂತರೆ ಇನ್ನೊಬ್ಬರಿಗೆ ನಿಲ್ಲಲು ಜಾಗವಾಗುತ್ತಿರಲಿಲ್ಲ. ಆದ್ದರಿಂದ ಅವರು ನಿಂತಿದ್ದರು, ಸ್ಟೂಲಿನ ಮೇಲೆ ಅವರ ಟೋಪಿ ಕೂತಿತ್ತು. ಒಂಬತ್ತನೆಯ ಮಹಡಿಯಿಂದ ಇಡೀ ಊರು ಕಾಣುತ್ತದೆ ಎಂದು ಹತ್ತಿ ಇಳಿಯುವವರು ಹೇಳುತ್ತಿದ್ದರಂತೆ. ಇವರಿಗೆ ಕಂಡದ್ದು ಒಂಬತ್ತು ಗೋಡೆ. ಮನೆಯಲ್ಲೂ ಅದೇ ಕಥೆ. ನಮ್ಮ ಮಂಚ ಗೋಡೆಗೂ ಬೀರುವಿಗೂ ನಡುವೆ ಸಿಕ್ಕಿಕೊಂಡಿದೆ. ಕಾಲು ಚಾಚಿದರೆ ಬೀರು ತೆರೆಯದು, ಬೀರು ತೆರೆಯಬೇಕಾದರೆ ಒಬ್ಬರು ಏಳಬೇಕು. ಇದರ ಸಲುವಾಗಿ ನಮ್ಮಲ್ಲಿ ನಡೆದಿರುವ ಜಗಳಗಳನ್ನು ಇಲ್ಲಿ ವಿವರಿಸುವುದಿಲ್ಲ.

2. ನಿವೃತ್ತಿಯಾದ ಮರುದಿನ ಅವರು ಉಂಡು, ಚಪ್ಪಲಿ ಮೆಟ್ಟಿಕೊಂಡು ಹೊರಟರು. ಸಂಜೆ ಬಂದಾಗ ಬೆನ್ನ ತುಂಬ ಹುಲ್ಲು. ಎಲ್ಲಿ ಕತ್ತೆಯ ಹಾಗೆ ಹೊರಳಾಡಿ ಬಂದಿರಿ ಎಂದು ಕೇಳಿದೆ. ಅವರು ಮಕ್ಕಳ ಹಾಗೆ ಹೇಳಿದರು:

“ಅಲ್ಲಿ ಚಾವಣಿನೇ ಇಲ್ಲ ಕಣೇ.”

ತಮ್ಮ ಉದ್ಯಾನದ ಬಗ್ಗೆ ಇದಕ್ಕಿಂತ ಒಳ್ಳೆಯ ಮಾತನ್ನು ತಾವು ಯಾವ ಸಂದರ್ಶಕರಿಂದಲೂ ಕೇಳಿರಲಾರಿರಿ. ಅಂದಿನಿಂದ ಪ್ರತಿ ಮಧ್ಯಾಹ್ನ ಅದೇ ಪರಿಪಾಠ. ಹುಲ್ಲುಹಾಸಿನ ನಟ್ಟನಡುವೆ, ಮರದ ನೆರಳೂ ತಲೆಯ ಮೇಲೆ ಬರದ ಜಾಗ ಹುಡುಕುವುದು. ಚಪ್ಪಲಿ ಕಳವಾಗದಂತೆ ತಲೆಯಡಿ ಇಟ್ಟುಕೊಳ್ಳುವುದು. ಮುಖದ ಮೇಲೆ ಟೋಪಿ. ಕೈಕಾಲು ನಾಲ್ಕನ್ನೂ ನಾಲ್ಕು ದಿಕ್ಕಿಗೆ ಬಿಡುವುದು. ನನ್ನನ್ನೂ ಕರೆಯುತ್ತಿದ್ದರು. ಹೆಂಗಸರು ಬೀದಿಯಲ್ಲಿ ಬಿದ್ದುಕೊಂಡರೆ ನಾಲ್ಕು ಜನ ಏನಂದಾರು ಎಂದು ನಾನು ಪಾತ್ರೆ ತೊಳೆಯುತ್ತಿದ್ದೆ.

3. ಎರಡು ತಿಂಗಳ ಹಿಂದಿನ ಒಂದು ಮಧ್ಯಾಹ್ನ ಅವರು ಹಾಗೇ ಮಲಗಿದರು, ಏಳಲಿಲ್ಲ. ಅಂದಿನ ವರದಿ ತಮ್ಮ ಕಡತದಲ್ಲಿದೆ. ಆದರೆ ಅದರಲ್ಲಿಲ್ಲದ ಕೆಲವು ಸಂಗತಿಗಳಿವೆ. ಮಕ್ಕಳ ಚೆಂಡು ಅವರ ಹೊಟ್ಟೆಯ ಮೇಲೆ ಬಿದ್ದಿತ್ತು. ಮಕ್ಕಳು “ಸಾರಿ ತಾತ” ಎಂದು ಎತ್ತಿಕೊಂಡು ಹೋದವು. ತಾತ ಬೈಯದ ಕಾರಣ, ಬಹಳ ಒಳ್ಳೆಯವರು ಎಂದು ತಮ್ಮತಮ್ಮಲ್ಲಿ ಮಾತಾಡಿಕೊಂಡವಂತೆ. ವ್ಯಾಯಾಮಕ್ಕೆಂದು ಸೇರಿ ನಗುವ ನಗೆಕೂಟದವರು ಅವರ ಕಾಲಬುಡದಲ್ಲೇ ಸುತ್ತು ನಿಂತು, ಕೈ ಮೇಲೆತ್ತಿ, ಹೊಟ್ಟೆ ಹಿಡಿದುಕೊಂಡು ನಕ್ಕು ಹೋದರು. ನನಗೆ ತಿಳಿದ ಮಟ್ಟಿಗೆ ಇಷ್ಟು ಜನ ನಕ್ಕು ಬೀಳ್ಕೊಟ್ಟ ಮನುಷ್ಯ ನಮ್ಮ ವಂಶದಲ್ಲಿ ಇನ್ನೊಬ್ಬರಿಲ್ಲ. ಎಲ್ಲರೂ ಸೀಟಿಯಣ್ಣ ಎಂದು ಕರೆಯುವ ತಮ್ಮ ಕಾವಲುಗಾರ, ಅವರ ನಿದ್ದೆ ಕೆಡದಿರಲೆಂದು ಒಂದು ನಾಯಿಯನ್ನು ದೂರ ಅಟ್ಟಿದ್ದ. ಗೇಟು ಹಾಕುವ ಹೊತ್ತಿಗೆ ಅವನೇ ಹೋಗಿ, “ಅಣ್ಣಾ, ಹೊತ್ತಾಯ್ತು, ಏಳಿ” ಎಂದು ಕರೆದ. ಆಮೇಲೆ ಟೋಪಿ ಎತ್ತಿದ.

4. ನನ್ನ ಮಗಳು ತಮಗೆ ದೂರು ಬರೆದಳು. ನೂರಾರು ಜನ ಓಡಾಡುವ ಜಾಗದಲ್ಲಿ ಅರ್ಧ ದಿನ ಒಬ್ಬ ಮನುಷ್ಯ ಹಾಗೆ ಬಿದ್ದಿದ್ದರೂ ಯಾರೂ ನೋಡಲಿಲ್ಲವೇ ಎಂದು ಕೇಳಿದಳು. ಅವಳದು ತಪ್ಪೆಂದು ನಾನು ಹೇಳಲಾರೆ. ಅಪ್ಪ ಹೋದ ಸಂಕಟಕ್ಕೆ ಅವಳು ಯಾರದಾದರೂ ಕೊರಳಪಟ್ಟಿ ಹಿಡಿಯಬೇಕಿತ್ತು. ದೇವರಿಗೆ ಕೊರಳಪಟ್ಟಿ ಇಲ್ಲ, ತಮಗಿತ್ತು.

5. ಅದರ ಪರಿಣಾಮವಾಗಿ ಸದರಿ ಬೋರ್ಡು ಹುಟ್ಟಿತು. ಅದನ್ನು ಸರಿಯಾಗಿ ನಮ್ಮವರು ಮಲಗುತ್ತಿದ್ದ ಜಾಗದಲ್ಲೇ ನೆಟ್ಟಿದ್ದೀರಿ. ಕಣ್ಣು ಮುಚ್ಚಿದವರನ್ನೆಲ್ಲ ಎಬ್ಬಿಸಬೇಕೆಂದು ಸೀಟಿಯಣ್ಣನಿಗೆ ಆಜ್ಞೆಯಾಯಿತು. ಅವನು ಅಕ್ಷರಶಃ ಪಾಲಿಸುತ್ತಿದ್ದಾನೆ. ಧ್ಯಾನಕ್ಕೆ ಕೂತವರ ಕಿವಿಯಲ್ಲಿ ಊದಿದ್ದಾನೆ. ದುಪ್ಪಟಿಯ ಮೇಲೆ ಮಲಗಿಸಿದ್ದ ಕೂಸೊಂದರ ಪಕ್ಕದಲ್ಲಿ ಊದಿದ್ದಾನೆ. ಆ ಕೂಸು ಬದುಕಿದೆ ಎಂಬುದಕ್ಕೆ ಇಡೀ ಉದ್ಯಾನ ಸಾಕ್ಷಿಯಾಯಿತು. ಪೊದೆಯ ಹಿಂದಿನ ಪ್ರೇಮಿಗಳು ಮಾತ್ರ ಸೀಟಿಯಣ್ಣ ಬರುತ್ತಾನೋ ಎಂದು ಸದಾ ಕಣ್ಣು ತೆರೆದೇ ಇರುವುದರಿಂದ ಅವರಿಗೆ ತೊಂದರೆಯಾಗಿಲ್ಲ.

6. ಪಾರ್ಸೆಲ್ ಹಂಚುವ ಯುವಕನೊಬ್ಬನಿದ್ದಾನೆ. ಬೆಳಿಗ್ಗೆಯಿಂದ ಮೆಟ್ಟಿಲು ಹತ್ತಿ ಇಳಿದು, ಮಧ್ಯಾಹ್ನ ಹುಲ್ಲಿನ ಮೇಲೆ ತುಸು ಮೈ ಚಾಚಿ ಹೋಗುವುದು ಅವನ ರೂಢಿಯಾಗಿತ್ತು. ನಾನು ಮೊದಲ ಸಲ ಆ ಜಾಗ ನೋಡಲು ಹೋದಾಗ ಅವನು ಬೋರ್ಡಿಗೆ ಒರಗಿ, ಕಣ್ಣುಗಳನ್ನು ಬಲವಂತವಾಗಿ ತೆರೆದುಕೊಂಡು ಕೂತಿದ್ದ. ಇದನ್ನು ಯಾಕೆ ಹಾಕಿದ್ದಾರೆ ಎಂದು, ತಿಳಿಯದವಳ ಹಾಗೆ ಕೇಳಿದೆ.

“ಯಾವನೋ ಮುದುಕ ಸಾಯೋಕೆ ಇದೇ ಜಾಗ ಬೇಕು ಅಂತ ಬಂದನಂತೆ ಅಮ್ಮ. ತಾನೂ ಹೋದ, ನಮ್ಮ ನಿದ್ದೇನೂ ತಗೊಂಡು ಹೋದ.”

“ಅವರು ನಮ್ಮ ಯಜಮಾನರು,” ಎಂದೆ.

ಅವನು ಎದ್ದು ನಿಂತ. ಕುಡಿಯುವ ನೀರಿನ ಬಾಟಲಿ ನನ್ನ ಮುಂದೆ ಹಿಡಿದ. ಕೊನೆಗೆ, ಅವರು ಒಳ್ಳೆ ಜಾಗ ಆರಿಸಿದ್ದರು ಅಮ್ಮ, ಇಲ್ಲಿ ಇರುವೆ ಇಲ್ಲ ಎಂದ.

ಮಾನ್ಯರೇ, ನನ್ನ ಅಹವಾಲಿನ ತಿರುಳು ಇದು. ಒಂದು ಇರುವೆಯನ್ನೂ ನೋಯಿಸದೆ ಬಾಳಿದ ಮನುಷ್ಯ ಸತ್ತ ಮೇಲೆ ಊರವರ ನಿದ್ದೆಗೆ ಶತ್ರುವಾಗಿದ್ದಾರೆ. ಬದುಕಿದ್ದಾಗ ಎಲ್ಲರಿಗೂ ಜಾಗ ಬಿಟ್ಟು ನಿಂತಿದ್ದವರ ಹೆಸರಿನಲ್ಲಿ ಈಗ ಯಾರಿಗೂ ಜಾಗವಿಲ್ಲ.

7. ಆ ದಿನವೇ ನಾನೂ ಮಲಗಿದೆ. ಬೇಕೆಂದು ಮಲಗಿದ್ದಲ್ಲ. ಕೂತವಳು ಹಾಗೇ ಹಿಂದಕ್ಕೆ ವಾಲಿದೆ. ಅವರು ಹೋದಾಗಿನಿಂದ ನನಗೆ ಮನೆಯಲ್ಲಿ ನಿದ್ದೆ ಹತ್ತಿರಲಿಲ್ಲ. ಇಡೀ ಮಂಚ ನನ್ನದೇ. ಬೀರು ಈಗ ಸರಾಗವಾಗಿ ತೆರೆಯುತ್ತದೆ. ತೆರೆದು ಏನು ನೋಡಲಿ? ಅಲ್ಲಿ ಮಾತ್ರ, ಬೆನ್ನಿಗೆ ಹುಲ್ಲು ತಗುಲಿ, ಮುಖದ ಮೇಲೆ ಅಷ್ಟು ದೊಡ್ಡ ಆಕಾಶ ಬಂದಾಗ, ರೆಪ್ಪೆ ಮುಚ್ಚಿತು. ಅಷ್ಟರಲ್ಲಿ ಸೀಟಿ. ಕಣ್ಣು ಬಿಟ್ಟರೆ ಸೀಟಿಯಣ್ಣ ಮಂಡಿಯೂರಿ ಕೂತಿದ್ದ. ಮುಖದಲ್ಲಿ ರಕ್ತವಿರಲಿಲ್ಲ. ಬೈಯಲು ಬಾಯಿ ತೆರೆದವಳು ಎದ್ದು ಕೂತೆ.

“ನಾಯಿ ಓಡಿಸಿದ್ನಲ್ಲ ಅಕ್ಕ, ಅವಾಗ್ಲೇ ಒಂದ್ಸಲ ಕರೀಬೇಕಿತ್ತು ನಾನು,” ಎಂದ. ಅದಕ್ಕೆ ಮೊದಲು ಯಾರಿಗೂ ಆ ಮಾತು ಹೇಳಿರಲಿಲ್ಲವಂತೆ.

“ಕರೆದಿದ್ರೆ ಎದ್ದು ಮನೆಗೆ ಬಂದು ಸಾಯ್ತಿದ್ರು, ಆ ಬೀರು ನೋಡ್ಕೊಂಡು,” ಎಂದೆ. “ನೀನು ಕಾದಿದ್ದೀಯ ಕಣಪ್ಪ. ಕೊನೆಗಾಲದಲ್ಲಿ ಅಷ್ಟು ಮಾಡೋರು ಯಾರಿದ್ದಾರೆ?”

ಅವನು ಆ ದಿನ ಮತ್ತೆ ಸೀಟಿ ಊದಲಿಲ್ಲವೆಂದು ಪಾರ್ಸೆಲ್ಲಿನ ಯುವಕ ಹೇಳಿದ. ಇದನ್ನು ಕರ್ತವ್ಯಲೋಪವೆಂದು ಪರಿಗಣಿಸಬಾರದಾಗಿ ಕೋರುತ್ತೇನೆ.

8. ಆ ಬಳಿಕ ತಮ್ಮನ್ನು ಕಂಡೆ. ಬೆಂಚುಗಳಿವೆಯಲ್ಲ, ಕೂರಬಹುದು ಎಂದು ತಾವು ಸಲಹೆ ಮಾಡಿದಿರಿ. ಕೂತು ಸತ್ತರೆ ಕಚೇರಿಗೆ ಅಭ್ಯಂತರವಿಲ್ಲವೇ ಎಂದು ಕೇಳಿದೆ. ತಾವು ಗಡಿಯಾರ ನೋಡಿದಿರಿ. ನಾಳೆ ಇನ್ನೊಬ್ಬರು ಹೋದರೆ ಯಾರು ಜವಾಬ್ದಾರರು ಎಂದಿರಿ. ಆಗ ನನಗೆ ಉತ್ತರ ಹೊಳೆಯಲಿಲ್ಲ. ಮೆಟ್ಟಿಲಿಳಿಯುವಾಗ ಹೊಳೆಯಿತು. ಆದ ಕಾರಣ ಈಗ ಬರೆಯುತ್ತಿದ್ದೇನೆ.

ಜವಾಬ್ದಾರರು ಯಾರೆಂದು ನನಗೆ ಗೊತ್ತು. ಅವನ ಮುಂದೆ ನಾವಿಬ್ಬರೂ ಪ್ರತಿದಿನ ಬೆಳಿಗ್ಗೆ ದೀಪ ಹಚ್ಚಿ ಕೈಮುಗಿದು ಕೇಳುತ್ತಿದ್ದುದು ಒಂದೇ: ಹಾಸಿಗೆ ಹಿಡಿಸಬೇಡ, ಯಾರ ಕೈಯಲ್ಲೂ ಎತ್ತಿಸಬೇಡ, ಮಲಗಿದ ಹಾಗೇ ಕರೆದುಕೋ. ಅವನು ಇವರದನ್ನು ಯಾವ ತಕರಾರೂ ಇಲ್ಲದೆ ಮಂಜೂರು ಮಾಡಿದ. ನನ್ನದನ್ನು ಬಾಕಿ ಇಟ್ಟ; ಅದರ ಬಗ್ಗೆ ನನಗೂ ಅವನಿಗೂ ಈಗ ಮಾತು ಅಷ್ಟಕ್ಕಷ್ಟೆ. ದೀಪ ಹಚ್ಚುತ್ತೇನೆ, ಮುಖ ಕೊಟ್ಟು ಮಾತಾಡುವುದಿಲ್ಲ. ಅದು ನಮ್ಮೊಳಗಿನ ವ್ಯವಹಾರ. ಆದರೆ ಅಷ್ಟು ಮೇಲಿನ ಕಚೇರಿಯಲ್ಲಿ ಮಂಜೂರಾದದ್ದನ್ನು ಗುಲಾಬಿ ಪಾತಿಯ ಪಕ್ಕದ ಕಚೇರಿಯವರು ಬೋರ್ಡು ಹಾಕಿ ನಿಷೇಧಿಸುವುದು ಕ್ರಮಬದ್ಧವಲ್ಲ.

9. ತಮ್ಮ ಆಜ್ಞೆಗೂ ಭಂಗ ಬರಬಾರದು, ನನ್ನ ನಿದ್ದೆಗೂ ಬರಬಾರದು ಎಂಬ ಕಾರಣಕ್ಕೆ ನಾನು ಒಂದು ಏರ್ಪಾಡು ಮಾಡಿ ನೋಡಿದೆ. ಪಿಂಚಣಿಗಾಗಿ ವರ್ಷಕ್ಕೊಮ್ಮೆ ಸಲ್ಲಿಸುವ ಜೀವಂತ ಪ್ರಮಾಣಪತ್ರದ ನಕಲನ್ನು ಸೆರಗಿಗೆ ಪಿನ್ನು ಹಾಕಿ ಸಿಕ್ಕಿಸಿಕೊಂಡು ಮಲಗಿದೆ. ‘ಖುದ್ದಾಗಿ ಹಾಜರಾಗಿದ್ದು, ಜೀವಂತವಾಗಿರುತ್ತಾರೆ’ ಎಂದು ಅದರಲ್ಲಿ ಸ್ಪಷ್ಟವಾಗಿದೆ, ಮೊಹರೂ ಇದೆ. ನಗೆಕೂಟದವರು ಬಂದು ಸುತ್ತುವರಿದರು. ಕನ್ನಡಕದವರೊಬ್ಬರು ಬಗ್ಗಿ ಗಟ್ಟಿಯಾಗಿ ಓದಿದರು. “ಬದುಕಿದ್ದಾರಂತೆ,” ಎಂದು ಉಳಿದವರಿಗೆ ತಿಳಿಸಿದರು. ಇನ್ನೊಬ್ಬರು, “ತಾರೀಖು ನೋಡ್ರಿ, ಹಳೇದಿರಬಹುದು,” ಎಂದರು. ಅಂದು ಆ ಕೂಟದವರು ಮೊದಲ ಬಾರಿಗೆ ವ್ಯಾಯಾಮಕ್ಕಲ್ಲದೆ ನಕ್ಕರು. ನಾನೂ ನಕ್ಕೆ. ಎರಡು ತಿಂಗಳಾಗಿತ್ತು.

10. ಈ ಸುದ್ದಿ ಮಗಳ ಕಿವಿಗೆ ಬಿತ್ತು. ಮೈಮೇಲೆ ಬಂದವಳಂತೆ ಬಂದು, ಅಮ್ಮ ಏಳು, ಮಾನ ಹೋಗುತ್ತಿದೆ ಎಂದಳು. ಆಮೇಲೆ ಬೋರ್ಡಿನ ಬುಡ ನೋಡುತ್ತಾ ನಿಂತಳು. ಅಪ್ಪ ಇಲ್ಲೇನಾ ಎಂದು ಕೇಳಿದಳು. ಅವಳು ಅಲ್ಲಿಗೆ ಬಂದಿರಲೇ ಇಲ್ಲ; ಆಸ್ಪತ್ರೆಗೆ ಮಾತ್ರ ಬಂದಿದ್ದಳು. ನಾನು ಪಕ್ಕದ ಹುಲ್ಲು ತಟ್ಟಿದೆ. ಸ್ವಲ್ಪ ಹೊತ್ತು ಕೂತಳು. ಕೈಚೀಲವನ್ನು ತಲೆಯಡಿ ಇಟ್ಟು ಮಲಗಿದಳು, ಅವರಪ್ಪ ಚಪ್ಪಲಿ ಇಡುತ್ತಿದ್ದ ಹಾಗೇ.

“ಅಮ್ಮ, ನಿಜವಾಗ್ಲೂ ಮೇಲೆ ಏನೂ ಇಲ್ಲ,” ಎಂದಳು.

ಕಣ್ಣು ಮುಚ್ಚಿದಳು. ಕಣ್ಣಂಚಿನಿಂದ ಕಿವಿಯ ಕಡೆಗೆ ನೀರು ಹರಿಯಿತು. ಅದು ಹರಿದು ಮುಗಿಯುವ ಮೊದಲೇ ಸೀಟಿ. ಅಂದು ಸೀಟಿಯಣ್ಣನಿಗೆ ರಜೆ, ಬದಲಿ ಕಾವಲುಗಾರನಿದ್ದ. ಮಗಳು ದಡಬಡಿಸಿ ಎದ್ದು, ಯಾವ ಬುದ್ಧಿಗೇಡಿ ಈ ಬೋರ್ಡು ಹಾಕಿಸಿದ್ದು ಎಂದು ಅವನ ಮೇಲೆ ಹರಿಹಾಯ್ದಳು. ಅವನು ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ.

11. ಮಗಳು ದೂರನ್ನು ಇನ್ನೂ ಹಿಂದಕ್ಕೆ ಪಡೆದಿಲ್ಲ. ಅವಳು ಅಪ್ಪನಂತೆ, ಒಮ್ಮೆ ಬಾಗಿಲು ಎಳೆದುಕೊಂಡರೆ ಮುಂದಿನ ಮಹಡಿಯವರೆಗೂ ತೆಗೆಯುವುದಿಲ್ಲ. ಆದರೆ ನಿನ್ನೆ ಬೆಳಿಗ್ಗೆ ನನ್ನ ಬಾಗಿಲ ಬಳಿ ಒಂದು ಚಾಪೆ ಇಟ್ಟು ಹೋಗಿದ್ದಾಳೆ. ಇದನ್ನೇ ಆಕೆಯ ಲಿಖಿತ ಸಮ್ಮತಿಯೆಂದು ಪರಿಗಣಿಸಬೇಕು.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ಸದರಿ ಬೋರ್ಡನ್ನು ಕೀಳಿಸಬೇಕಾಗಿ ಪ್ರಾರ್ಥಿಸುತ್ತೇನೆ. ನೆಟ್ಟ ಗುಂಡಿಯನ್ನು ಮುಚ್ಚಿ ಹುಲ್ಲು ಹಾಕಿಸಬೇಕು. ಕಲ್ಲಿನ ಮೇಲೆ ಅವರ ಹೆಸರು ಕೆತ್ತಿಸುವ ಯೋಚನೆ ತಮಗೆ ಬಂದಲ್ಲಿ ದಯವಿಟ್ಟು ಬಿಡಬೇಕು. ಮಲಗಿದವರ ಬೆನ್ನಿಗೆ ಒತ್ತುತ್ತದೆ. ತಮ್ಮ ಕೊಠಡಿಯ ಕಿಟಕಿ ತೆರೆಯುವುದಿಲ್ಲವೆಂದು ಗಮನಿಸಿದ್ದೇನೆ. ಒಂದು ಮಧ್ಯಾಹ್ನ ತಾವೂ ಬಂದು ಮಲಗಿ ಸ್ಥಳಪರಿಶೀಲನೆ ಮಾಡುವುದಾದರೆ ಚಾಪೆಯಲ್ಲಿ ಜಾಗವಿದೆ.

ಇತಿ,
ಇನ್ನೂ ಹಾಜರಿರುವ ತಮ್ಮ ವಿಶ್ವಾಸಿ,
(ಸಹಿ)

ಅಡಕಗಳು:
1) ಜೀವಂತ ಪ್ರಮಾಣಪತ್ರದ ನಕಲು, ಪಿನ್ನಿನ ತೂತು ಸಹಿತ.
2) ನಗೆಕೂಟದ ಸದಸ್ಯರ ಸಹಿಗಳು. (ಓದಲಾಗದಿದ್ದರೆ, ನಗುತ್ತಾ ಹಾಕಿದ್ದು.)
3) ಚಾಪೆಯನ್ನು ಲಗತ್ತಿಸಿಲ್ಲ, ಬಳಕೆಯಲ್ಲಿದೆ.

ವಿ. ಸೂ.: ಅರ್ಜಿದಾರಳು ಮಲಗಿರುವಾಗ ಆಕೆಯ ಬಾಕಿ ಅರ್ಜಿ ಮೇಲಿನ ಕಚೇರಿಯಲ್ಲಿ ಮಂಜೂರಾಗುವ ಸಂಭವವಿದೆ. ಆದ ಕಾರಣ ನಡುವೆ ಎಬ್ಬಿಸುವುದು ಬೇಡ. ಗೇಟು ಹಾಕುವ ಹೊತ್ತಿಗೆ ಸೀಟಿಯಣ್ಣ ಒಮ್ಮೆ “ಅಕ್ಕಾ” ಎಂದು ಕರೆದರೆ ಸಾಕು. ಎದ್ದರೆ ಮನೆಗೆ ಹೋಗುತ್ತೇನೆ. ಏಳದಿದ್ದರೆ, ಇನ್ನೊಂದು ಬೋರ್ಡು ಹಾಕಿಸಬಾರದಾಗಿ ವಿನಂತಿ.