ಹೊಸ ಮೀನಿನ ಮೈಲುತುತ್ತದ ತೊಟ್ಟಿ

ಸಿಂಧನೂರಿನ ಕಾಲುವಿ ದಂಡಿಗೆ ಸರಕಾರದ ಮೀನಿನ ಹೊಂಡ ನೋಡಿಕೊಳ್ಳೋ ನೌಕರಿ ನನ್ನದಿತ್ತು. ಅಲ್ಲಿ ಇದ್ದಷ್ಟು ವರ್ಷ ಸಿಟ್ಟು ನೆತ್ತಿಗೇರಲಾರದ ವಾರ ಒಂದೂ ಹೋಗಲಿಲ್ಲ. ಕಾಲುವಿಗೆ ನೀರು ಬಂದಿದ್ದ ಹೊಸದು. ಮಂದಿಗೆ ಜ್ವಾಳ ಗೊತ್ತು, ತೊಗರಿ ಗೊತ್ತು, ಮೀನು ಸಾಕೋದಂದ್ರ ನಗತಿದ್ರು.

ದೊಡ್ಡ ಹೊಂಡದಾಗ ನಾ ಕೂಸಿನಂಗ ಸಾಕಿದ ತಾಯಿಮೀನು ಇದ್ದವು. ಸುತ್ತಲಿನ ಕೆರಿಗೆಲ್ಲ ಮರಿ ಹೋಗಬೇಕಾದ್ದು ಅವುಗಳಿಂದನ. ಆ ವರ್ಷ ದೂರದಿಂದ ಹೊಸ ಮೀನು ಬಂದವು, ನೋಡಿದ್ರ ಮೈತುಂಬ ಬಿಳಿ ಚುಕ್ಕಿ. ಆ ರೋಗ ಹೊಂಡಕ್ಕ ಹೊಕ್ಕಿತಂದ್ರ ನನ್ನ ತಾಯಿಮೀನಿನ ಕಥಿ ಮುಗಿದಂಗ. ಅದಕ್ಕ ಹೊಸಾವನ್ನ ಬ್ಯಾರೆ ಸಿಮೆಂಟ್ ತೊಟ್ಟಿಯೊಳಗ ಬಿಟ್ಟೆ. ಮೊದಲ ಉಪ್ಪುನೀರು, ಆಮ್ಯಾಲೆ ಅಳತಿ ಮಾಡಿ ಮೈಲುತುತ್ತ. ಅದು ತಾಮ್ರದ ದವಾ. ಹೆಚ್ಚಾದ್ರ ಮೀನು ಸಾಯತಾವ, ಕಡಿಮಿ ಆದ್ರ ರೋಗ ಉಳೀತೈತಿ. ಚುಕ್ಕಿ ಹೋಗೂತನಕ ತೊಟ್ಟಿ ತಂಟೆಗೆ ಬರಬ್ಯಾಡ್ರಪಾ ಅಂತ ಕಂಡಕಂಡವರಿಗೆ ಕೈ ಮುಗಿದು ಹೇಳಿದೆ. ಹೇಳಿದ್ದ ತಪ್ಪಾತು ನೋಡ್ರಿ!

ಎಮ್ಮಿ ಬಂತು

ಒಂದಿನ ಮುಂಜಾನೆ ಹೋಗಿ ನೋಡ್ತೀನಿ, ತೊಟ್ಟಿ ನಡುವ ಒಂದು ಎಮ್ಮಿ ನಿಂತೈತಿ! ದಢೇಸುಗೂರಿನ ರೈತ ಕಟ್ಟಿಮ್ಯಾಲೆ ಕುಂತು ಬೀಡಿ ಸೇದಾಕತ್ತಾನ.

"ಏ ಮಾರಾಯಾ, ಏನ್ ಮಾಡಾಕತ್ತೀಯೋ?"

"ಗೊರಸು ಕೊಳತಾವ್ರೀ. ದನದ ಡಾಕ್ಟರು ಮೈಲುತುತ್ತದ ನೀರಾಗ ನಿಲ್ಲಸು ಅಂದಾರ. ನಿಮ್ಮಲ್ಲಿ ಹೆಂಗೂ ತಯಾರ್ ಐತಲ್ಲರೀ."

"ಅದು ಮೀನಿಗೆ ಹಾಕಿದ್ದೋ!"

"ಇರಲಿ ಬಿಡ್ರೀ, ನಮ್ಮ ಎಮ್ಮಿ ಮೀನು ತಿನ್ನಂಗಿಲ್ಲ."

ಹೊರಗ ಎಳಿಯಾಕ ಹೋದ್ರ ಆ ಎಮ್ಮಿ ತೊಟ್ಟಿಯೊಳಗ ಸಗಣಿ ಹಾಕಿತು. ನೀರು ಚೆಲ್ಲು, ತೊಟ್ಟಿ ತಿಕ್ಕು, ದವಾ ಮತ್ತ ಮೊದಲಿಂದ ಹಾಕು. ನಾ ತಿಕ್ಕಾಕತ್ತಿದ್ದು ನೋಡಿ ಅಂವ ಭಾಳ ಸಮಾಧಾನದಿಂದ ಕೇಳಿದ:

"ಹೊಸ ನೀರು ತುಂಬತೀರಲ್ಲರೀ, ಮನ್ಯಾಗ ಇನ್ನೊಂದು ಎಮ್ಮಿ ಐತಿ, ಕರಕೊಂಡ್ ಬರ್ಲೇನು?"

ಚುರುಮುರಿ ಪುಣ್ಯ

ಲಿಂಗಸುಗೂರಿನ ಕಿರಾಣಿ ಸಾಹುಕಾರ್ರು ಬಂದ್ರು. ಹಣಿ ತುಂಬ ವಿಭೂತಿ. ಮೀನಿನ ವಾಸನಿ ಬಂದ್ರ ಮೂಗು ಮುಚ್ಚಿಕೊಳ್ಳೋ ಮನಶ್ಯಾ, ದವಾ ನಡದಾಗ ಮೀನಿಗೆ ಮೇವು ಹಾಕಂಗಿಲ್ಲಂತ ಕೇಳಿ ಕಣ್ಣೀರು ತಗದ್ರು. ಸುಮ್ನ ಹೋಗಬಾರದಾ? ಒಂದು ಚೀಲ ಚುರುಮುರಿ ತರಿಸಿ ಸುರುವಿಬಿಟ್ರು! ನೀರೆಲ್ಲ ಗಂಜಿ ಆತು.

"ಅಯ್ಯ, ಏನ್ರೀ ಇದು ಅನ್ಯಾಯ!" ಅಂತ ಚೀರಿದೆ.

"ರೋಗಿನ್ನ ಉಪವಾಸ ಕೆಡವಂತ ಸರಕಾರ ಹುಕುಂ ಕೊಟ್ಟೈತೇನು?"

"ನೀರು ಕೆಟ್ಟು ಉಸುರು ಕಟ್ಟಿ ಸಾಯತಾವ್ರೀ!"

ಸಾಹುಕಾರ್ರು ಕೈ ಝಾಡಿಸಿದ್ರು. "ಉಂಡು ಸತ್ರ ನನಗ ಪಾಪಿಲ್ಲ. ಹಸದು ಸತ್ರ ನಿಮಗೈತಿ."

ಜೋಡಿಗೆ ಹೋದಾವು

ಸಾಕಾಗಿ ಹೋತು. ಮಸ್ಕಿ ಕಡೆಯ ಒಬ್ಬಾಂವನ್ನ ಕಾವಲಿಗೆ ಇಟ್ಟೆ. ಭಾಳ ನಂಬಿಗಸ್ಥ, ಬಡಿಗಿ ಹಿಡದು ಕುಂತ್ರ ಕಾಗಿ ಸೈತ ಹತ್ತರ ಬರತಿದ್ದಿಲ್ಲ. ಹೊಸ ಮೀನಿನ ಚುಕ್ಕಿ ಹೋದವು, ಮೈ ಫಳಫಳ ಹೊಳಿಯಾಕತ್ತಿತು. ನಾಳಿ ದೊಡ್ಡ ಹೊಂಡಕ್ಕ ಬಿಡೋದಂತ ಖುಷಿಲೆ ಹೊಂಡದ ದಂಡಿಗೆ ಹೋಗಿ ಬಗ್ಗಿ ನೋಡಿದೆ. ನನ್ನ ತಾಯಿಮೀನು ಕಲ್ಲಿಗೆ ಮೈ ತಿಕ್ಕಾಕತ್ತಾವ, ಮೈಮ್ಯಾಲೆ ಬಿಳಿ ಚುಕ್ಕಿ! ಕಾವಲಿನವನ್ನ ಕೂಗಿ ಕರದೆ.

"ಲೇ, ತೊಟ್ಟಿ ಹತ್ತರ ಯಾರು ಬಂದಿದ್ರು?"

"ನೊಣ ಸೈತ ಬಂದಿಲ್ರೀ."

"ಮತ್ತ ರೋಗ ಹೊಂಡಕ್ಕ ಹೆಂಗ ಹೋತು?"

"ಹೊರಗಿನವ್ರು ಯಾರೂ ಬಂದಿಲ್ರೀ. ಮನ್ಯಾವ ಅಷ್ಟ ಹೋಗಿ ಬಂದಾವ."

"ಯಾವ ಮನ್ಯಾವಲೇ?"

"ಹೊಸಾವು ಮೂಲ್ಯಾಗ ಮುದುಡಿ ಕುಂತಿದ್ವು ರೀ. ಮದಿವ್ಯಾದ ಹುಡುಗೀನ ಗಂಡನ ಊರಿಗೆ ಒಬ್ಬಾಕೀನ ಕಳಸ್ತೀವೇನು? ಜೋಡಿಗೆ ಯಾರನ್ನರ ಕಳಸಂಗಿಲ್ಲೇನು? ಅದಕ್ಕ ಹೊಂಡದಾಗಿಂದೊಂದು ಹಿಡದು ತೊಟ್ಟ್ಯಾಗ ಬಿಟ್ಟೆ. ಮರುದಿನ ಅದನ್ನ ವಾಪಸ್ ಬಿಟ್ಟು ಮತ್ತೊಂದು ತಂದೆ. ಪಾಳಿ ಹಚ್ಚಿದ್ದೆ ರೀ, ಒಂದಕ್ಕ ತ್ರಾಸ ಆಗಬಾರದಂತ."

ತಲಿ ಹಿಡಕೊಂಡು ಕುಂತೆ. ಇಡೀ ಹೊಂಡಕ್ಕ ದವಾ ಹಾಕಿ, ತಾಯಿಮೀನು ಹೆಚ್ಚುಕಮ್ಮಿ ಎಲ್ಲಾ ಉಳಿಸಿಕೊಂಡೆ, ಅದು ಆಮ್ಯಾಲಿನ ಮಾತು. ಅವತ್ತು ಮಾತ್ರ ಊರಿಗೆ ಕೇಳೂವಂಗ ಒದರಿದೆ:

"ಅಯ್ಯೋ ಮೂಳಾ! ಬಂದಾವು ಆರಾಮ್ ಆದ್ವು, ಮನ್ಯಾಗಿನ್ವು ಮಲಗಿದ್ವು! ಈಗ ಆರಾಮ್ ಆದಾವನ್ನ ಈ ರೋಗದ ಹೊಂಡಕ್ಕ ಹೆಂಗ ಬಿಡ್ಲಿ?"

ಅಂವ ಹೊಂಡದ ಕಡೆ ನೋಡಿದ, ನನ್ನ ಕಡೆ ನೋಡಿದ. ನನ್ನಕಿಂತ ಅವಂಗ ಸಿಟ್ಟು ಬಂದಿತ್ತು.

"ಹೆಣ್ಣು ಕೊಡೂ ಮುಂಚೆ ಗಂಡಿನ ಮನಿ ನೋಡಬೇಕಿತ್ತು ರೀ ನೀವು!"