ಕುರ್ಚಿ ಬರುವವರೆಗೆ

ಇಳಕಲ್ಲಿನ ಆ ನೇಕಾರರ ಸಂಘದ ಕಚೇರಿಯಲ್ಲಿ ಮೂರು ಕುರ್ಚಿಗಳಿದ್ದವು. ಒಂದರಲ್ಲಿ ಮ್ಯಾನೇಜರ್ ಗುರಲಿಂಗಪ್ಪನವರು ಕೂಡುತ್ತಿದ್ದರು. ಇನ್ನೊಂದರಲ್ಲಿ ನೂಲಿನ ಲಡಿಗಳು ಕೂಡುತ್ತಿದ್ದವು. ಮೂರನೆಯದು ಕಾಲು ಮುರಿದುಕೊಂಡು ಗೋಡೆಗೆ ಒರಗಿ, ಪಿಂಚಣಿಗೆ ಕಾದ ಮುದುಕನ ಹಾಗೆ ನಿಂತಿತ್ತು. ಹೊಸ ಕಾರಕೂನಳನ್ನು ಆರಿಸಿದ ಪಂಚರಲ್ಲಿ ಒಬ್ಬರಿಗೂ ಆಕೆ ಬಂದಮೇಲೆ ಎಲ್ಲಿ ಕೂಡಬೇಕು ಎಂಬುದು ಹೊಳೆದಿರಲಿಲ್ಲ. ಇಷ್ಟು ಸಣ್ಣ ಸಂಗತಿಯಿಂದ ಮುತ್ತವ್ವನ ಹಣೆಬರಹ ತಿರುಗಿತು.

ಮುತ್ತವ್ವ ಕಮತಗಿಯವಳು. ಬಾಗಲಕೋಟೆಯಲ್ಲಿ ಬಿ.ಎ. ಮುಗಿಸುವವರೆಗೂ ಕಾಲೇಜಿನಲ್ಲಿ ಆಕೆ ಆಡಿದ ಮಾತೆಂದರೆ ಹಾಜರಿ ಕರೆದಾಗ ಹೇಳಿದ ‘ಎಸ್ ಸರ್’ ಮಾತ್ರ. ಅದನ್ನೂ ಎಷ್ಟು ಮೆತ್ತಗೆ ಹೇಳುತ್ತಿದ್ದಳೆಂದರೆ, ಮುಂದಿನ ಬೆಂಚಿನಲ್ಲಿ ಕೂತೂ ಹಲವು ದಿನ ಗೈರುಹಾಜರಿ ಬಿದ್ದಿತ್ತು. ಮನೆಯಲ್ಲಿ ಒಮ್ಮೆ ಮಾತ್ರ ಬಾಯಿ ಬಿಟ್ಟಿದ್ದಳು. ಇಳಕಲ್ಲಿನಿಂದ ಒಂದು ಸಂಬಂಧ ಬಂದಿದೆ ಎಂದು ಅಪ್ಪ ಹೇಳಿದಾಗ, ತಾನು ಮೊದಲು ನೌಕರಿ ಮಾಡುವುದಾಗಿ ಹೇಳಿಬಿಟ್ಟಿದ್ದಳು. ಮಗಳು ಮಾತಾಡಿದ್ದಕ್ಕೇ ಬೆರಗಾದ ಅಪ್ಪ ಒಂದು ಕರಾರಿಗೆ ಬಂದಿದ್ದ. ನೌಕರಿ ಸಿಕ್ಕರೆ ಮದುವೆಯ ಸುದ್ದಿ ಬಂದ್. ಸಿಗದಿದ್ದರೆ, ಅಥವಾ ಸಿಕ್ಕದ್ದು ಉಳಿಯದಿದ್ದರೆ, ಬಾಯಿ ಮುಚ್ಚಿಕೊಂಡು ಇಳಕಲ್ಲಿನ ಸಂಬಂಧ. ಸ್ಟುಡಿಯೋದವನ ಬಾಡಿಗೆಯ ಕರಿ ಗೌನು ಹಾಕಿಕೊಂಡು ಆಕೆ ತೆಗೆಸಿದ ಫೋಟೊ ಆಗಲೇ ಬೀಗರ ಮನೆ ಸೇರಿತ್ತು. ಆ ಸಿಟ್ಟಿಗೆ ಮುತ್ತವ್ವ ಯಾವ ಮನೆ, ಯಾವ ಹುಡುಗ ಎಂದು ಕೇಳಿಯೂ ಇರಲಿಲ್ಲ.

ಅಂಥವಳು ಇವತ್ತು ಅವ್ವ ಉಡಿಸಿದ ಇಳಕಲ್ ಸೀರೆಯಲ್ಲಿ ಬೆಳಗಿನ ಬಸ್ಸಿಗೆ ಬಂದು, ಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟ ಸೋದರಮಾವ ಶಿವಸಂಗಪ್ಪನಲ್ಲಿ ಬುತ್ತಿ ಇಟ್ಟು, ಮ್ಯಾನೇಜರರ ಮುಂದೆ ನಿಂತಿದ್ದಳು. ನಿಲ್ಲದೆ ಬೇರೆ ದಾರಿ ಇರಲಿಲ್ಲ.

ಗುರಲಿಂಗಪ್ಪನವರು ಕಾಯಿದೆಯ ಮನುಷ್ಯ. ಸೀನು ಬಂದರೂ ಯಾವ ಕಲಮಿನಡಿ ಬಂತೆಂದು ನೋಡುವವರು. ಅವರು ಮುತ್ತವ್ವನಿಗೆ ಸಂಘದ ಮುಖ್ಯ ನಿಯಮಗಳನ್ನು ಓದಿ ಹೇಳಿದರು. ಸದಸ್ಯರಿಂದ ಏನನ್ನೂ ಪಡೆಯತಕ್ಕದ್ದಲ್ಲ, ಚಹಾ ಕೂಡ. ಸದಸ್ಯರ ಬೀಗರು-ಬಿಜ್ಜರು ಸಂಘದ ನೌಕರಿಯಲ್ಲಿ ಇರತಕ್ಕದ್ದಲ್ಲ. ಹಿಂದಿನ ಕಾರಕೂನ ಮೊದಲನೆಯದನ್ನು ಮುರಿದು, ಒಂದು ಸೀರೆಯ ಸಲುವಾಗಿ ಮನೆಗೆ ಹೋಗಿದ್ದ.

“ಸದಸ್ಯರೊಳಗ ನಿಮ್ಮವರು ಯಾರರ ಅದಾರೇನವಾ?”

ಮುತ್ತವ್ವ ಇಲ್ಲವೆಂದು ತಲೆಯಾಡಿಸಿದಳು. ಮಾವ ಮಾರುವುದು ಬೆಲ್ಲ ಬೇಳೆ; ಅವನಿಗೂ ಮಗ್ಗಕ್ಕೂ ಸಂಬಂಧವಿರಲಿಲ್ಲ.

ಬಡಿಗೇರ ರಾಜಮಹ್ಮದನಿಗೆ ಹೊಸ ಕುರ್ಚಿ ಹೇಳಿದ್ದೇವೆ, ಸಂಜೆಗೆ ಬರುತ್ತದೆ, ಅಲ್ಲಿಯವರೆಗೆ ಹೊರಗಿನ ಕೆಲಸ ಮಾಡಿಬಾ ಎಂದು ಗುರಲಿಂಗಪ್ಪನವರು ಹೇಳಿದರು. ನೇಕಾರರ ಓಣಿಗೆ ಹೋಗಿ, ಮನೆಮನೆಯ ಮಗ್ಗಗಳ ಸ್ಥಿತಿಗತಿ ಬರೆದುಕೊಂಡು ಬರಬೇಕು. ಸಂಘದ ಅಚ್ಚಿನ ಫಾರ್ಮಿನಲ್ಲಿದ್ದ ಪ್ರಶ್ನೆಗಳನ್ನು ಮುತ್ತವ್ವ ದಾರಿಯುದ್ದಕ್ಕೂ ಪರೀಕ್ಷೆಗೆ ಓದಿದಂತೆ ಬಾಯಿಪಾಠ ಮಾಡಿಕೊಂಡಳು. ಜೊತೆಗೆ ಬಂದ ಮುದಿ ಜವಾನ ಮುರ್ತುಜಸಾಬ ಆಕೆಯನ್ನು ಓಣಿಯ ಬಾಯಿಗೆ ಬಿಟ್ಟು, ತನಗೆ ಮಂಡಿನೋವೆಂದು ಹೇಳಿ ಚಹಾದಂಗಡಿಯತ್ತ ಚುರುಕಾಗಿ ನಡೆದುಹೋದ.

ಮೊದಲ ಮನೆ ರಾಮವ್ವನದು. ಮುತ್ತವ್ವ ನೆಲ ನೋಡುತ್ತ ಪ್ರಶ್ನೆ ಒಪ್ಪಿಸಿದಳು, ಉತ್ತರ ಬರೆದುಕೊಂಡಳು, ಚಹಾ ಬೇಡವೆಂದಳು. ಇಲ್ಲಿಯವರೆಗೆ ಎಲ್ಲ ಕಾಯಿದೆಯ ಪ್ರಕಾರವೇ ನಡೆದಿತ್ತು. ಆದರೆ ರಾಮವ್ವ ಒಳಗಿನಿಂದ ಕುಂಕುಮದ ಬಟ್ಟಲು, ಅಕ್ಕಿ, ತೆಂಗಿನಕಾಯಿ ಮತ್ತೊಂದು ಕುಬಸದ ಖಣ ಹಿಡಿದು ಬಂದಳು.

“ಹೊಸದಾಗಿ ಮನಿಗೆ ಬಂದ ಹೆಣ್ಣಮಗಳು ಬರೇ ಉಡೀಲೆ ಹೋಗಬಾರದ ಬೇ. ಸೆರಗ ಒಡ್ಡು.”

ಮುತ್ತವ್ವ ನಿಂತಲ್ಲೇ ನಿಯಮವನ್ನು ನೆನೆಸಿಕೊಂಡಳು. ಅದರಲ್ಲಿ ಚಹಾ ಇತ್ತು, ಉಡಿ ಇರಲಿಲ್ಲ. ಸಂಘ ಹುಟ್ಟಿದಾಗಿನಿಂದ ಬಂದವರೆಲ್ಲ ಗಂಡಸು ಕಾರಕೂನರು. ಅವರ ಉಡಿ ತುಂಬಲು ಯಾರೂ ಮುಂದೆ ಬಂದಿರಲಿಲ್ಲ. ಇನ್ನು ಉಡಿ ಬೇಡವೆಂದರೆ ರಾಮವ್ವನ ಮನೆತನಕ್ಕೇ ಕೇಡು ಬಯಸಿದಂತೆ. ಬೇಡ ಎನ್ನಲು ಒಂದಿಷ್ಟು ಗಂಟಲೂ ಬೇಕು. ಮುತ್ತವ್ವ ಸೆರಗು ಒಡ್ಡಿದಳು.

ರಾಮವ್ವ ತುಂಬಿದ್ದನ್ನು ಕಂಡಮೇಲೆ ಎದುರುಮನೆಯವರು ಸುಮ್ಮನಿರುವುದು ಹೇಗೆ? ಅವರೂ ತುಂಬಿದರು. ಅವರಿಗಿಂತ ತಾವೇನು ಕಡಿಮೆ ಎಂದು ಪಕ್ಕದವರು ಉತ್ತತ್ತಿಯನ್ನೂ ಸೇರಿಸಿದರು. ಓಣಿಯ ನಡುವೆ ಬರುವಷ್ಟರಲ್ಲಿ ಮುತ್ತವ್ವ ಸೆರಗಿನ ಗಂಟನ್ನು ಎರಡೂ ಕೈಯಲ್ಲಿ ಆತುಕೊಂಡು, ಹತ್ತಿಯ ಅಂಡಿಗೆ ಹೇರಿದ ಎತ್ತಿನ ಹಾಗೆ ಹೆಜ್ಜೆ ಇಡುತ್ತಿದ್ದಳು. ಒಳಗೆ ಕಾಯಿಗಳು ಒಂದಕ್ಕೊಂದು ಗುದ್ದಾಡುತ್ತಿದ್ದವು. ಪೆನ್ನು ಕಿವಿಯ ಮೇಲೆ ಏರಿತ್ತು.

ಕಡೆಯ ಮನೆ ಯಮನವ್ವನದು. ಬಾಗಿಲಿಗೆ ಬಂದ ಯಮನವ್ವ ಮುತ್ತವ್ವನ ಮುಖವನ್ನು ನೋಡಿದಳು, ಒಳಗೆ ಹೋಗಿ ಏನನ್ನೋ ನೋಡಿ ಬಂದಳು, ಮತ್ತೊಮ್ಮೆ ಮುಖ ನೋಡಿದಳು. ಆಮೇಲೆ ಕಂಬಳಿ ಹಾಸಿ ಕೂಡಿಸಿದಳು. ಬೆಳಗಿನಿಂದ ಮುತ್ತವ್ವ ಕೂತದ್ದು ಅದೇ ಮೊದಲು.

ಮನೆ ಸ್ವಂತದ್ದೋ ಬಾಡಿಗೆಯದೋ ಎಂದು ಮುತ್ತವ್ವ ನೆಲ ನೋಡುತ್ತ ಕೇಳಿದಳು. ಸ್ವಂತದ್ದು, ಹಿತ್ತಲೂ ಇದೆ, ಬಾವಿಯ ನೀರು ಸಿಹಿ ಎಂದು ಯಮನವ್ವ ಹೇಳಿದಳು. ಮನೆಯಲ್ಲಿ ದುಡಿಯುವ ಕೈ ಎಷ್ಟು, ಉಣ್ಣುವ ಬಾಯಿ ಎಷ್ಟು, ಹೊರಗೆ ಸಾಲವಿದೆಯೇ, ಮಗ್ಗವಲ್ಲದೆ ಬೇರೆ ಉತ್ಪನ್ನವಿದೆಯೇ? ಎಲ್ಲದಕ್ಕೂ ಯಮನವ್ವ ಉಳಿದ ಮನೆಯವರು ಕೊಡದಷ್ಟು ವಿವರವಾಗಿ ಉತ್ತರ ಕೊಟ್ಟಳು. ಎಮ್ಮೆಯನ್ನು ತೋರಿಸಿದಳು. ಎಮ್ಮೆಯ ಕಾಲಂ ಇರಲಿಲ್ಲ. ಆದರೂ ಮುತ್ತವ್ವ ‘ಇತರೆ’ ಎಂಬಲ್ಲಿ ಬರೆದುಕೊಂಡಳು. ಅಷ್ಟರಲ್ಲಿ ಕಿಟಕಿ ಬಾಗಿಲುಗಳಲ್ಲಿ ಓಣಿಯ ತಲೆಗಳು ತುಂಬಿದ್ದವು.

“ನೇಯವರು ಯಾರ್ರಿ?” ಎಂದಳು ಮುತ್ತವ್ವ.

“ನನ್ನ ಮಗಾ ಬೇ, ಅಮೀನಪ್ಪ. ಬಾರೋ ಇತ್ತಲಾಗ.”

ಮಗ್ಗದ ಕುಣಿಯೊಳಗಿಂದ ಒಬ್ಬ ಎದ್ದು ನಿಂತ. ಅವನ ಕೈಯಿಂದ ಲಾಳಿ ಜಾರಿ ಉರುಳಿಕೊಂಡು ಮುತ್ತವ್ವನ ಕಾಲ ಹತ್ತಿರ ಬಂತು. ಅವನೂ ನೆಲ ನೋಡುತ್ತಿದ್ದನಾದ್ದರಿಂದ ಇಬ್ಬರಿಗೂ ಲಾಳಿ ಚೆನ್ನಾಗಿ ಕಾಣಿಸಿತು.

“ದಿನಾ ಮಗ್ಗದ ಮ್ಯಾಲೆ ಕೂಡ್ತೀರೋ, ಇಲ್ಲಾ ಯಾವಾಗರ ಒಮ್ಮೆ ಕೂಡ್ತೀರೋ?” ಇದು ಮುದ್ರಿತ ಪ್ರಶ್ನೆಯೇ.

“ದಿನಾ ಕೂಡ್ತಾನ ನಮ್ಮವ್ವಾ,” ಎಂದಳು ತಾಯಿ. “ಒಂದ ಬೀಡಿ ಸೈತ ಸೇದಂಗಿಲ್ಲ.”

ಮುತ್ತವ್ವ ‘ಷರಾ’ ಎಂಬಲ್ಲಿ ‘ಚಟ ಇಲ್ಲ’ ಎಂದು ಬರೆದಳು.

ಎದ್ದು ಹೊರಡುವಾಗ ಯಮನವ್ವ ಓಣಿಯ ಮುತ್ತೈದೆಯರನ್ನು ಕರೆದು ಉಡಿ ತುಂಬಿಸಿದಳು. ಇವರದು ದೊಡ್ಡ ಕೈ ಇರಬೇಕು ಎಂದುಕೊಂಡಳು ಮುತ್ತವ್ವ. ಕಾಯಿ ಬಂತು, ಖಣ ಬಂತು, ಎಲ್ಲದರ ಮೇಲೆ ಗೋಪುರದ ಚಿತ್ತಾರವಿದ್ದ ತೋಪು ಸೆರಗಿನ ಹೊಸ ಸೀರೆ ಬಂತು. ಗಂಟಿನ ಭಾರಕ್ಕೆ ಹೇಗೂ ಬಾಗಿದ್ದಳು, ಹಿರಿಯರು ಎದುರಿಗಿದ್ದರು, ಅವ್ವ ಕಲಿಸಿದಂತೆ ಕಾಲು ಮುಟ್ಟಿ ನಮಸ್ಕರಿಸಿ ಹೊರಬಿದ್ದಳು.

ಕಚೇರಿಯಲ್ಲಿ ಗುರಲಿಂಗಪ್ಪನವರು ಗಂಟನ್ನು ಮೇಜಿನ ಮೇಲೆ ಬಿಚ್ಚಿಸಿದರು. ಒಂದು ಕಾಯಿ ಉರುಳಿ ನೂಲಿನ ಕುರ್ಚಿಯ ಕೆಳಗೆ ಹೋಯಿತು. ಮುರ್ತುಜಸಾಬ ಮಂಡಿನೋವು ಮರೆತು ಬಗ್ಗಿ ತೆಗೆದ. ಇದು ಹೆಣ್ಣುಮಕ್ಕಳ ರಿವಾಜು, ಆಕೆಯದೇನೂ ತಪ್ಪಿಲ್ಲ ಎಂದು ಹೇಳಿಕೊಂಡ. ಗುರಲಿಂಗಪ್ಪನವರು ಕಾಯಿ, ಅಕ್ಕಿ, ಖಣಗಳನ್ನು ರಿವಾಜಿನ ಕಡೆಗೆ ಸರಿಸಿದರು. ಸೀರೆಯನ್ನು ಪೆನ್ಸಿಲಿನ ತುದಿಯಿಂದ ಎತ್ತಿ ಇನ್ನೊಂದು ಕಡೆ ಇಟ್ಟರು.

“ಸುಮ್ಮಸುಮ್ಮನ ಸೀರಿ ಯಾರು ಕೊಡ್ತಾರ? ಇದು ಲಂಚ.”

ಅವರು ಬಿಳಿ ಹಾಳೆ ಎಳೆದುಕೊಂಡು ಕೆಲಸದಿಂದ ತೆಗೆಯುವ ಆರ್ಡರು ಬರೆಯತೊಡಗಿದರು. ಮುತ್ತವ್ವನ ಕಣ್ಣಮುಂದೆ ಅಪ್ಪನ ಕರಾರು ಬಂತು.

ಆಗ ಸೋದರಮಾವ ಪೇಡೆಯ ಡಬ್ಬಿ ಹಿಡಿದು ಒಳಬಂದ. ಅವನ ಬೆನ್ನಿಗೆ ಅರ್ಧ ಓಣಿ ಇತ್ತು.

“ಬೀಗತಿ ಯಮನವ್ವ ಅಂಗಡಿತನಾ ಬಂದು ಹೇಳಿ ಹೋದ್ಲು,” ಎಂದು ಶಿವಸಂಗಪ್ಪ ಮ್ಯಾನೇಜರರ ಬಾಯಿಗೇ ಪೇಡೆ ಹಿಡಿದ. “ನಮ್ಮ ಹುಡುಗಿ ಬಾಯಿಲ್ಲದಾಕಿ ಅಂತಿದ್ವಿ ನೋಡ್ರಿ. ತಾನ ಹೋಗಿ ಮನಿ ನೋಡ್ಯಾಳ, ಸಾಲ ಕೇಳ್ಯಾಳ, ಹುಡುಗನ ಚಟಾ ಬರಕೊಂಡಾಳ. ಉಡ್ಯಾಗ ಸೀರಿ ಹಾಕ್ಸಿಕೊಂಡು, ಅತ್ತಿ ಕಾಲಿಗೂ ಬಿದ್ದು ಬಂದಾಳ. ಫೋಟೋದೊಳಗಿನ ಕರಿ ಗೌನಿನಾಕಿಗಿಂತ ಈಕಿ ಪಾಡ ಅದಾಳ ಅಂದ್ಲು ಬೀಗತಿ.”

ಗುರಲಿಂಗಪ್ಪನವರು ಪೇಡೆ ನೋಡಿದರು, ಸೀರೆ ನೋಡಿದರು, ಆಮೇಲೆ ಮುತ್ತವ್ವನನ್ನು ನೋಡಿದರು. ಪೆನ್ನು ಹಾಳೆಯ ಮೇಲೆಯೇ ಇತ್ತು.

“ನೀನ ಹೇಳವಾ. ಇದು ಲಂಚದ ಸೀರಿಯೋ, ಉಡಿ ಸೀರಿಯೋ?”

ಲಂಚವೆಂದರೆ ನೌಕರಿ ಹೋಗಿ, ಅಪ್ಪನ ಕರಾರಿನಂತೆ ಇದೇ ಅಮೀನಪ್ಪ. ಉಡಿ ಎಂದರೆ ಅಮೀನಪ್ಪ ಹೇಗೂ ಸರಿ, ನೌಕರಿಯಾದರೂ ಉಳಿಯುತ್ತದೆ. ಮುತ್ತವ್ವ ತರ್ಕಶಾಸ್ತ್ರದ ಪೇಪರಿನಲ್ಲಿ ಇಷ್ಟು ಬೇಗ ಉತ್ತರ ಕಂಡುಕೊಂಡಿರಲಿಲ್ಲ.

“ಉಡಿ ಸೀರಿ ಐತ್ರಿ,” ಎಂದಳು. ಬಾಗಿಲಾಚೆ ನಿಂತವರಿಗೂ ಕೇಳಿಸಿತು.

ಗುರಲಿಂಗಪ್ಪನವರು ಹಾಳೆಯನ್ನು ಹರಿದು ಹಾಕಿದರು. ಶಿವಸಂಗಪ್ಪ ಸದಸ್ಯನಲ್ಲವೆಂದು ಖಾತ್ರಿ ಮಾಡಿಕೊಂಡು ಪೇಡೆ ತಿಂದರು, ಛಲೋ ಆಯಿತೆಂದು ಹರಸಿದರು, ಬೆರಳು ಒರೆಸಿಕೊಂಡರು. ಆಮೇಲೆ ಅವರ ಕೈ ನಿಯಮದ ಪುಸ್ತಕದ ಕಡೆ ತಾನಾಗಿ ಹೋಯಿತು.

“ಅಂದಂಗ ಬೀಗರು ನಮ್ಮ ಸಂಘದ ಸದಸ್ಯರೇನು?”

“ಸದಸ್ಯರ್ರಿ ಮತ್ತ,” ಎಂದ ಶಿವಸಂಗಪ್ಪ ಹೆಮ್ಮೆಯಿಂದ. “ಸಂಘ ಹುಟ್ಟಿಸಿದವರ ಅವರು.”

ಗುರಲಿಂಗಪ್ಪನವರು ಇನ್ನೊಂದು ಬಿಳಿ ಹಾಳೆ ತೆಗೆದುಕೊಂಡರು. ಈ ಸಲ ಸಿಟ್ಟಿನಿಂದಲ್ಲ, ಮನೆಯ ಹಿರಿಯರ ಅಕ್ಕರೆಯಿಂದಲೇ ಅದೇ ಆರ್ಡರು ಬರೆದರು; ನಿಯಮ ಮಾತ್ರ ಬೀಗರು-ಬಿಜ್ಜರದು. ಮುತ್ತವ್ವನ ಕೆಲಸ ಅಚ್ಚುಕಟ್ಟು, ಚಟದ ಬಗ್ಗೆ ವಿಚಾರಿಸಿದ ಕಾರಕೂನರು ಇದುವರೆಗೆ ಯಾರೂ ಇರಲಿಲ್ಲ ಎಂದು ಒಂದು ಸಾಲು ಹೆಚ್ಚಿಗೆ ಸೇರಿಸಿ, ಕೆಳಗೆ ಸಹಿ ಮಾಡಿದರು.

ಅಷ್ಟೊತ್ತಿಗೆ ಬಡಿಗೇರ ರಾಜಮಹ್ಮದ ಹೊಸ ಕುರ್ಚಿಯನ್ನು ತಲೆಯ ಮೇಲೆ ಹೊತ್ತುಕೊಂಡು ಬಂದ. ಎಲ್ಲಿ ಇಡಲಿ ಎಂದು ಕೇಳಿದ. ಕೇಳುತ್ತಲೇ ಕೋಣೆಯ ನಡುವೆ ಇಳಿಸಿದ.

“ಕಮತಗಿ ಬಸ್ಸಿಗೆ ಇನ್ನೂ ಹೊತ್ತೈತಿ,” ಎಂದರು ಗುರಲಿಂಗಪ್ಪನವರು. “ಅಲ್ಲೀತನಾ ಕೂಡವಾ ತಂಗಿ.”

ಮುತ್ತವ್ವ ಉಡಿಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ವಾರ್ನೀಸು ಇನ್ನೂ ಆರಿರಲಿಲ್ಲ.